ರನ್: ಕಾಲಿಲ್ಲದೆ ಓಡುವ ಕ್ರಿಯಾಪದ

(ಇಂಗ್ಲಿಷ್ ಬಳಕೆ ಸುಧಾರಿಸಿಕೊಳ್ಳಬೇಕು ಅನ್ನುವವರ ಒಂದು ಸಂಜೆ ಸಭೆಯಲ್ಲಿ ಆಡಿದ ಮಾತು ಇದು. ಬಾಯಿಮಾತಿನ ಧಾಟಿಯನ್ನು ಜಾಸ್ತಿ ತಿದ್ದಿಲ್ಲ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಒಂದೇ ಒಂದು ಇಂಗ್ಲಿಷ್ ಪದದ ಮೇಲೆ. ಮೂರು ಅಕ್ಷರದ ಪದ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದ. ರನ್. ಅರ್ಥ ಏನು ಅಂತ ಕೇಳಿದರೆ 'ಓಡು' ಅಂತ ಎಲ್ಲರೂ ಹೇಳುತ್ತೀರಿ. ಸರಿ. ಈಗ ಈ ವಾಕ್ಯಗಳನ್ನು ಕೇಳಿ.

ಮೈ ನೋಸ್ ಈಸ್ ರನ್ನಿಂಗ್. ಶಿ ರನ್ಸ್ ಎ ಹೋಟೆಲ್. ದ ಕಲರ್ ರ್ಯಾನ್ ಇನ್ ದ ವಾಶ್. ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್. ದ ಚೈಲ್ಡ್ ಈಸ್ ರನ್ನಿಂಗ್ ಎ ಟೆಂಪರೇಚರ್. ದ ರೋಡ್ ರನ್ಸ್ ಅಲಾಂಗ್ ದ ರಿವರ್.

ಆರು ವಾಕ್ಯ ಆಯಿತು. ಯಾರ ಕಾಲೂ ಅಲ್ಲಾಡಲಿಲ್ಲ. ರಸ್ತೆಯಂತೂ ಇದ್ದಲ್ಲೇ ಬಿದ್ದಿದೆ, ಆದರೂ ಓಡುತ್ತಿದೆ!

ಇದೇ ಆರನ್ನು ಮನೆಯಲ್ಲಿ ಹೇಗೆ ಹೇಳುತ್ತೇವೆ? ಮೂಗು ಸೋರುತ್ತಿದೆ. ಹೋಟೆಲ್ ನಡೆಸುತ್ತಾಳೆ. ಬಟ್ಟೆ ಬಣ್ಣ ಬಿಟ್ಟಿದೆ. ಹಾಲು ಮುಗಿದಿದೆ. ಮಗುವಿಗೆ ಜ್ವರ ಬಂದಿದೆ. ರಸ್ತೆ ಹೊಳೆ ಪಕ್ಕದಲ್ಲೇ ಹೋಗುತ್ತದೆ. ಆರು ವಾಕ್ಯಕ್ಕೆ ಆರು ಬೇರೆ ಬೇರೆ ಕ್ರಿಯಾಪದ. 'ಓಡು' ಒಂದು ಕಡೆಯೂ ಬರಲಿಲ್ಲ. ಅವರು ಓಡಿಸುವ ಹೋಟೆಲನ್ನು ನಾವು ನಡೆಸುತ್ತೇವೆ. ಅಂಗಡಿ, ಸಂಸಾರ, ಸರ್ಕಾರ, ಎಲ್ಲವನ್ನೂ ನಡೆಸುವುದೇ ನಮ್ಮ ರೂಢಿ.

ಹಾಗಾದರೆ ರನ್‌ಗೆ ಅರ್ಥ ಎಷ್ಟು?

ಇಂಗ್ಲಿಷಿನ ಅತಿ ದೊಡ್ಡ ನಿಘಂಟು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ನಾವು ಕಾಲೇಜಿಗೆ ಕೊಂಡೊಯ್ಯುತ್ತಿದ್ದ ಆಕ್ಸ್‌ಫರ್ಡ್ ಡಿಕ್ಷನರಿ ಬೇರೆ, ಇದು ಬೇರೆ. ಇದರ ಮೊದಲ ಕಂತು 1884ರಲ್ಲಿ ಬಂತು. ಕೊನೆಯ ಕಂತು ಬರುವಷ್ಟರಲ್ಲಿ 1928 ಆಗಿತ್ತು. ಮುಖ್ಯ ಸಂಪಾದಕ ಜೇಮ್ಸ್ ಮರ್ರಿ 1915ರಲ್ಲೇ ತೀರಿಕೊಂಡಿದ್ದರು. 1989ರ ಎರಡನೇ ಆವೃತ್ತಿ 20 ಸಂಪುಟ. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು 'ಸೆಟ್' ಅನ್ನುವ ಕ್ರಿಯಾಪದದ್ದು. ಸುಮಾರು 430 ಅರ್ಥ, ಅವುಗಳ ವಿವರಣೆಗೆ ಸುಮಾರು 60,000 ಪದ. ಒಂದು ಸಣ್ಣ ಕಾದಂಬರಿಯಷ್ಟು!

ಆಮೇಲೆ ಮೂರನೇ ಆವೃತ್ತಿಗೆ ಪರಿಷ್ಕರಣೆ ಶುರುವಾಯಿತು. 2000ದಲ್ಲಿ 'ಮೇಕ್' ಮೊದಲ ಸ್ಥಾನಕ್ಕೆ ಬಂತು. 2007ರಲ್ಲಿ 'ಪುಟ್' ಅದನ್ನು ಹಿಂದಕ್ಕೆ ಹಾಕಿತು. 2011ರಲ್ಲಿ ರನ್ ಎಲ್ಲವನ್ನೂ ದಾಟಿತು. ಬರೀ ಕ್ರಿಯಾಪದವಾಗಿ ಅದಕ್ಕೆ 645 ಅರ್ಥ ಅಂತ ಲೆಕ್ಕ ಸಿಕ್ಕಿತು. ಈ ಒಂದು ಪದದ ಮೇಲೆ ಕೂತವರು ಪೀಟರ್ ಗಿಲಿವರ್ ಅನ್ನುವ ನಿಘಂಟುಕಾರರು. ತಿಂಗಳುಗಟ್ಟಲೆ ಬೇರೆ ಪದವನ್ನೇ ಮುಟ್ಟದೆ ರನ್ ಜೊತೆ ಸಂಸಾರ ಮಾಡಿದರು.

645 ಅಂದ ತಕ್ಷಣ ಗಾಬರಿ ಆಗಬೇಡಿ. ಅರ್ಥ ಎಣಿಸುವುದು ತೆಂಗಿನಕಾಯಿ ಎಣಿಸಿದ ಹಾಗಲ್ಲ. 'ಈ ದಾರಿಯಲ್ಲಿ ಬಸ್ ಓಡುತ್ತೆ' ಮತ್ತು 'ಸಿನಿಮಾ 25 ವಾರ ಓಡಿತು', ಇವೆರಡು ಒಂದೇ ಅರ್ಥವೋ ಎರಡೋ? ಒಬ್ಬರು ಒಂದೇ ಅನ್ನಬಹುದು, ಇನ್ನೊಬ್ಬರು ಎರಡು ಅನ್ನಬಹುದು. ನಿಘಂಟು ಮಾಡುವವರಲ್ಲೇ ಎರಡು ಪಂಗಡ ಇದೆ. ಕೂಡಿಸುವವರು, ಒಡೆಯುವವರು. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಒಡೆಯುವವರ ಕಡೆಗೇ ವಾಲಿದೆ. ಪ್ರತಿ ಬಳಕೆಯ ಚರಿತ್ರೆ ಹೇಳುವುದು ಅದರ ಕೆಲಸ, ಹಾಗಾಗಿ ಒಡೆಯದೆ ವಿಧಿಯಿಲ್ಲ. ನೀವು ಮೇಜಿನ ಮೇಲೆ ಇಟ್ಟುಕೊಳ್ಳುವ ನಿಘಂಟು ಅಷ್ಟು ಒಡೆಯುವುದಿಲ್ಲ. ಅದರಲ್ಲಿ ರನ್ ಒಂದೆರಡು ಪುಟದಲ್ಲಿ ಮುಗಿಯುತ್ತದೆ.

ನನಗೆ ಸಂಖ್ಯೆಗಿಂತ ಆ ನಾಲ್ಕು ಹೆಸರೇ ಮುಖ್ಯ ಅನ್ನಿಸುತ್ತದೆ. ಸೆಟ್, ಮೇಕ್, ಪುಟ್, ರನ್. ಎಲ್ಲವೂ ಪುಟ್ಟ ಪದ, ಇಂಗ್ಲಿಷಿನ ಮನೆಮಾತಿನ ಪದ. ಲ್ಯಾಟಿನ್ನಿಂದ ಬಂದದ್ದು ಒಂದೂ ಇಲ್ಲ. ಪದ ಎಷ್ಟು ಜಾಸ್ತಿ ಬಳಕೆಯಾಗುತ್ತದೋ ಅದರ ಅರ್ಥವೂ ಅಷ್ಟು ಹರಡುತ್ತದೆ. ಅಮೆರಿಕದ ಜಾರ್ಜ್ ಝಿಪ್ಫ್ 1945ರಲ್ಲಿ ಇದನ್ನು ಲೆಕ್ಕ ಹಾಕಿಯೇ ತೋರಿಸಿದ. ನಮಗೆ ಭಯ ಹುಟ್ಟಿಸುವುದು ಉದ್ದುದ್ದ ಪದಗಳು, ಆದರೆ ನಿಜವಾಗಿ ಕಾಲಿಗೆ ತೊಡರಿಕೊಳ್ಳುವುದು ಈ ಗಿಡ್ಡ ಪದಗಳೇ. 'ಫೋಟೋಸಿಂಥೆಸಿಸ್' ಪದಕ್ಕೆ ಒಂದೇ ಅರ್ಥ. ಒಂದು ಸಲ ಕಲಿತರೆ ಮುಗೀತು. ರನ್ ಮುಗಿಯುವುದೇ ಇಲ್ಲ.

ಈ ತಲೆನೋವು ಹೊಸದೇನಲ್ಲ. ಲಂಡನ್ನಿನ ಸ್ಯಾಮ್ಯುಯಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟು ಪ್ರಕಟಿಸಿದ. ನಕಲು ಮಾಡಿಕೊಡಲು ಆರು ಜನ ಸಹಾಯಕರಿದ್ದರು. ಅರ್ಥ ಬಿಡಿಸುವ ಕೆಲಸವೆಲ್ಲ ಅವನೊಬ್ಬನದೇ. ಮುನ್ನುಡಿಯಲ್ಲಿ ಅವನು ಒಂದು ಗುಂಪಿನ ಕ್ರಿಯಾಪದಗಳ ಮೇಲೆ ಸಿಟ್ಟಾಗಿದ್ದಾನೆ. ಇವುಗಳ ಅರ್ಥ ಎಷ್ಟು ಸಡಿಲ ಅಂದರೆ, ಮೊದಲ ಅರ್ಥದಿಂದ ಎಲ್ಲೆಲ್ಲಿಗೋ ಹೋಗಿ ಇನ್ನೇನು ಅರ್ಥವೇ ಇಲ್ಲ ಅನ್ನುವ ಅಂಚಿನಲ್ಲಿ ನಿಂತಿರುತ್ತವೆ, ಅಲ್ಲಿ ಹೋಗಿ ಹಿಡಿಯಬೇಕು ಅಂತ ಗೊಣಗುತ್ತಾನೆ. ಆಮೇಲೆ ಹೆಸರು ಹಿಡಿದು ಪಟ್ಟಿ ಕೊಡುತ್ತಾನೆ: ಬೇರ್, ಬ್ರೇಕ್, ಕಮ್, ಗೆಟ್, ಗಿವ್, ಪುಟ್, ಸೆಟ್, ಗೋ, ರನ್, ಮೇಕ್, ಟೇಕ್, ಟರ್ನ್. 'ಟೇಕ್' ಒಂದಕ್ಕೇ 134 ಅರ್ಥ ಬರೆದ. ಸಿಟ್ಟು ಬಂದದ್ದರಲ್ಲಿ ತಪ್ಪೇನಿಲ್ಲ, ಅಲ್ವಾ?

ಈಗ ರನ್ ಹೇಗೆ ಹೀಗಾಯಿತು ಅನ್ನುವ ವಿಷಯಕ್ಕೆ ಬರೋಣ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ.

ನಮ್ಮಲ್ಲಿ 'ಓಡು' ಇದೆ, 'ಓಡಿಸು' ಇದೆ. ಕುದುರೆ ಓಡುತ್ತದೆ, ಸವಾರ ಕುದುರೆಯನ್ನು ಓಡಿಸುತ್ತಾನೆ. 'ಇಸು' ಸೇರಿಸಿದರೆ ಸಾಕು, ಮಾಡುವವನು ಬೇರೆ, ಮಾಡಿಸುವವನು ಬೇರೆ ಅಂತ ಗೊತ್ತಾಗುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಹೀಗೇ ಎರಡು ಪದ ಇದ್ದವು. ತಾನೇ ಓಡುವುದಕ್ಕೆ, ಹರಿಯುವುದಕ್ಕೆ 'ರಿನ್ನನ್'. ಕುದುರೆ ಓಡಿಸುವುದಕ್ಕೆ, ಸವಾರಿ ಮಾಡುವುದಕ್ಕೆ 'ಅರ್ನನ್' ಅನ್ನುವ ಇನ್ನೊಂದು ಪದ. ಉತ್ತರದಿಂದ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದವರ ಮಾತಿನಲ್ಲೂ ಇದೇ ಜಾತಿಯ ಪದಗಳಿದ್ದವು. ಎಲ್ಲ ಬೆರೆತು, ಪದದ ಬಾಲ ಸವೆದು, ಕೊನೆಗೆ ಉಳಿದದ್ದು ಒಂದೇ. ರನ್.

ಅಂದರೆ 'ಓಡು' ಮತ್ತು 'ಓಡಿಸು' ಒಂದೇ ಪದವಾಗಿ ಕೂತವು. ಕುದುರೆಯೂ ರನ್, ಕುದುರೆಯ ಮಾಲೀಕನೂ ರನ್. ಈ ಒಂದು ವಿಷಯ ಹಿಡಿದರೆ ಅರ್ಧ ಗೊಂದಲ ಬಿಡುತ್ತದೆ. 'ದ ಮೆಷಿನ್ ರನ್ಸ್' ಅಂದರೆ ಯಂತ್ರ ತಾನೇ ಓಡುತ್ತದೆ. 'ಹಿ ರನ್ಸ್ ದ ಮೆಷಿನ್' ಅಂದರೆ ಅವನು ಓಡಿಸುತ್ತಾನೆ. ಯಂತ್ರ ಓಡಿಸಿದವನು ಕಾರ್ಖಾನೆ ಓಡಿಸಿದ, ಕಂಪನಿ ಓಡಿಸಿದ, ದೇಶವನ್ನೂ ಓಡಿಸಿದ. ರನ್ ಆದ ಮೇಲೆ ಇನ್ನೊಂದು ನಾಮಪದ ಬಂದು ಕೂತಿದೆಯಾ ನೋಡಿ. ಕೂತಿದ್ದರೆ ಮನಸ್ಸಿನಲ್ಲಿ 'ಇಸು' ಹಚ್ಚಿ. ಕೂತಿಲ್ಲದಿದ್ದರೆ ಬೇಡ. ಇದು ಎಲ್ಲ ಕಡೆಯೂ ನಡೆಯುವ ಸೂತ್ರ ಅಲ್ಲ. 'ರನ್ ಎ ಫೀವರ್' ಅಂದರೆ ಜ್ವರವನ್ನು ಯಾರೂ ಓಡಿಸುತ್ತಿಲ್ಲ, ಜ್ವರ ಬಂದಿದೆ ಅಷ್ಟೆ. ಓಡಿಸಲು ಬರುವ ಹಾಗಿದ್ದಿದ್ದರೆ ಒಳ್ಳೆಯದೇ ಇತ್ತು! ಆದರೆ ಮುಕ್ಕಾಲು ಪಾಲು ಕಡೆ ಈ ಸೂತ್ರ ಕೈ ಹಿಡಿಯುತ್ತದೆ.

ಇನ್ನೊಂದು ಮಾತು. ಹಳೆಯ ಪದಕ್ಕೆ 'ಹರಿ' ಅನ್ನುವ ಅರ್ಥವೂ ಇತ್ತು ಅಂದೆ. ಹಾಗಾಗಿ ಮೂಗು 'ರನ್' ಆಗುವುದು, ನಲ್ಲಿ 'ರನ್' ಆಗುವುದು ಯಾರೋ ಆಮೇಲೆ ಕಲ್ಪಿಸಿಕೊಂಡ ಅಲಂಕಾರ ಅಲ್ಲ. ಕಾಲಿನ ಓಟದಷ್ಟೇ ಹಳೆಯ ಅರ್ಥ ಅದು. 1611ರ ಇಂಗ್ಲಿಷ್ ಬೈಬಲ್ ತೆಗೆದರೆ ಅದರ 'ಪ್ರಸಂಗಿ' ಅನ್ನುವ ಭಾಗದ ಮೊದಲ ಅಧ್ಯಾಯದಲ್ಲಿ ನದಿಗಳೆಲ್ಲ ಸಮುದ್ರಕ್ಕೆ 'ರನ್' ಆಗುತ್ತವೆ, ಆದರೂ ಸಮುದ್ರ ತುಂಬುವುದಿಲ್ಲ. ಈಗಿನ ಕೆಲವು ಅನುವಾದಗಳಲ್ಲಿ ಅದೇ ಸಾಲಿಗೆ 'ಫ್ಲೋ' ಹಾಕಿದ್ದಾರೆ. ಜರ್ಮನ್ ಭಾಷೆಯಲ್ಲಿ ಇದೇ ಬೇರಿನ 'ರಿನ್ನೆನ್' ಇವತ್ತಿಗೂ ಹರಿಯುವುದು, ಸೋರುವುದು ಅನ್ನುವ ಅರ್ಥದಲ್ಲೇ ಇದೆ. ಬಣ್ಣ ಬಿಡುವುದು, ಕಣ್ಣಿನ ಕಾಡಿಗೆ ಇಳಿಯುವುದು, ಬಿಸಿಗೆ ಬೆಣ್ಣೆ ಕರಗಿ ಹರಡುವುದು, ಇದೆಲ್ಲ ಈ ನೀರಿನ ಕವಲಿನಿಂದ ಬಂದದ್ದು.

ಯಂತ್ರದ ಕವಲು ಆಮೇಲಿನದು. ಕಾರ್ಖಾನೆ, ರೈಲು, ಬಸ್ಸು, ಗಡಿಯಾರ ಬಂದ ಮೇಲೆ ರನ್‌ಗೆ ಎಲ್ಲಿಲ್ಲದ ಕೆಲಸ ಸಿಕ್ಕಿತು. ರನ್ ಮುಂದೆ ಬಂದದ್ದೇ ಯಂತ್ರಯುಗದಿಂದ ಅಂತ ಸೈಮನ್ ವಿಂಚೆಸ್ಟರ್ ಅನ್ನುವ ಲೇಖಕರು 2011ರಲ್ಲಿ ಬರೆದರು. ನಾನು ಅರ್ಧ ಒಪ್ಪುತ್ತೇನೆ. ಯಂತ್ರ ಬಂದದ್ದು ಎಲ್ಲ ಭಾಷೆಗೂ ಬಂತಲ್ಲ? ಓಡು, ಓಡಿಸು ಎರಡೂ ಮೊದಲೇ ಒಂದಾಗಿರದಿದ್ದರೆ ಇಂಗ್ಲಿಷ್ ಇಷ್ಟು ಸಲೀಸಾಗಿ ಒಂದೇ ಪದದಲ್ಲಿ ಎಲ್ಲವನ್ನೂ ತುಂಬುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ. 1948ರ ಜೂನ್ 21ರಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಒಂದು ಕಂಪ್ಯೂಟರ್ ತನ್ನೊಳಗೇ ಇಟ್ಟುಕೊಂಡಿದ್ದ ಪ್ರೋಗ್ರಾಮನ್ನು 52 ನಿಮಿಷ ನಡೆಸಿ ಉತ್ತರ ಕೊಟ್ಟಿತು. ಅದಕ್ಕೂ ರನ್ ಅಂದರು. ಈಗ ನಮ್ಮ ಬೆಂಗಳೂರಿನ ಹುಡುಗರು ದಿನಕ್ಕೆ ನೂರು ಸಲ ಕೋಡ್ ರನ್ ಮಾಡುತ್ತಾರೆ, ಕುರ್ಚಿ ಬಿಟ್ಟು ಏಳದೆ.

ಬ್ಯಾಂಕಿನದು ಇನ್ನೂ ತಮಾಷೆ. ಬ್ಯಾಂಕ್ ಮುಳುಗುತ್ತದೆ ಅನ್ನುವ ಭಯಕ್ಕೆ ಜನ ಎಲ್ಲ ಒಟ್ಟಿಗೆ ದುಡ್ಡು ತೆಗೆಯಲು ಬಂದರೆ ಅದು 'ಬ್ಯಾಂಕ್ ರನ್'. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿಗೆ ಹೀಗಾಯಿತು. ಆಗಿನ ಫೋಟೋ ನೋಡಿ. ಜನ ಶಿಸ್ತಾಗಿ ಸಾಲಿನಲ್ಲಿ ನಿಂತಿದ್ದಾರೆ. ಒಬ್ಬರೂ ಓಡುತ್ತಿಲ್ಲ.

ಕ್ರಿಕೆಟ್ಟಿನ ರನ್ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಹಿಂದೆ ಕೋಲಿನ ಮೇಲೆ ಚಾಕುವಿನಿಂದ ಗೀರು ಹಾಕಿ ಲೆಕ್ಕ ಇಡುತ್ತಿದ್ದರು. ಹಾಗಾಗಿ ಆಗ ರನ್‌ಗೆ 'ನಾಚ್' ಅಂತಲೂ ಹೆಸರಿತ್ತು, ಅಂದರೆ ಗೀರು. ಆಮೇಲೆ ಓಟವೇ ಲೆಕ್ಕದ ಹೆಸರಾಯಿತು. ಈಗ ಬ್ಯಾಟ್ಸ್‌ಮನ್ ಸಿಕ್ಸರ್ ಹೊಡೆದು ಬ್ಯಾಟ್ ಊರಿ ನಿಂತರೂ ಆರು ಓಟ.

ಈಗ ಅಸಲು ವಿಷಯ. ಇಷ್ಟೊಂದು ಅರ್ಥ ಇದ್ದರೂ ಇಂಗ್ಲಿಷರಿಗೆ ಯಾಕೆ ಗೊಂದಲ ಆಗುವುದಿಲ್ಲ? ಯಾಕೆಂದರೆ ಅವರು ರನ್ ಒಂದನ್ನೇ ಕೇಳಿಸಿಕೊಳ್ಳುವುದಿಲ್ಲ. ಅದರ ಪಕ್ಕ ಯಾರು ಕೂತಿದ್ದಾರೆ ಅಂತ ನೋಡುತ್ತಾರೆ.

ನಮ್ಮ ಹಳೆಯ ಶಾಸ್ತ್ರಕಾರರು ಇದಕ್ಕೆ ಒಂದು ಚಂದದ ಉದಾಹರಣೆ ಕೊಡುತ್ತಿದ್ದರು. 'ಸೈಂಧವ' ಅಂದರೆ ಸಿಂಧೂ ದೇಶದ್ದು. ಉಪ್ಪಿಗೂ ಸೈಂಧವ, ಕುದುರೆಗೂ ಸೈಂಧವ, ಎರಡೂ ಅಲ್ಲಿಂದ ಬರುತ್ತಿದ್ದವು. ಯಜಮಾನ 'ಸೈಂಧವ ತಾ' ಅಂತ ಊಟಕ್ಕೆ ಕೂತಾಗ ಹೇಳಿದರೆ ಉಪ್ಪು ತರಬೇಕು. ಹೊರಗೆ ಹೊರಟಾಗ ಹೇಳಿದರೆ ಕುದುರೆ ತರಬೇಕು. ಎಲೆ ಮುಂದೆ ಕುದುರೆ ತಂದು ನಿಲ್ಲಿಸುವ ಆಳು ಎಲ್ಲೂ ಇರುವುದಿಲ್ಲ. ವ್ಯಾಕರಣಕಾರ ಭರ್ತೃಹರಿ ತನ್ನ ವಾಕ್ಯಪದೀಯ ಅನ್ನುವ ಗ್ರಂಥದಲ್ಲಿ ಇದಕ್ಕೆ ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಜೊತೆಗಿರುವುದು ಯಾವುದು, ಬಿಟ್ಟಿರುವುದು ಯಾವುದು, ಸಂದರ್ಭ ಏನು, ಜಾಗ ಯಾವುದು, ಕಾಲ ಯಾವುದು, ಹೀಗೆ. ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಹೆಚ್ಚು ಕಡಿಮೆ ಅದೇ ಮಾತು ಹೇಳಿದ. ಪದ ಏನು ಅಂತ ತಿಳಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ನೋಡಿ ಅಂದ. ಈ ಫರ್ತ್ ಪ್ರಾಯದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವನು. ಅವನ ಹಾದಿ ಹಿಡಿದ ಜಾನ್ ಸಿಂಕ್ಲೇರ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಪ್ಯೂಟರಿಗೆ ಲಕ್ಷಗಟ್ಟಲೆ ವಾಕ್ಯ ತುಂಬಿ, 1987ರಲ್ಲಿ ಕೋಬಿಲ್ಡ್ ನಿಘಂಟು ತಂದ. ಅದರಲ್ಲಿ ಅರ್ಥವನ್ನು ಒಂಟಿ ಪದದಲ್ಲಿ ಕೊಡುವುದಿಲ್ಲ. 'ನೀವು ಒಂದು ಅಂಗಡಿಯನ್ನು ರನ್ ಮಾಡಿದರೆ' ಅಂತ ಪೂರ್ತಿ ವಾಕ್ಯದಲ್ಲೇ ಶುರುಮಾಡುತ್ತಾರೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಪಕ್ಕದಲ್ಲಿ ಕೂರುವವರಲ್ಲಿ ಬಲು ಚೇಷ್ಟೆಯವು ಅಪ್, ಡೌನ್, ಔಟ್, ಓವರ್, ಇಂಟು. ಇಂಗ್ಲಿಷ್ ಕಲಿಯುವ ಹೊರಗಿನವರಿಗೆ ಅತಿ ಕಷ್ಟ ಕೊಡುವುದು ಇವೇ ಅಂತ ಜಾನ್ಸನ್ ಆಗಲೇ ಬರೆದಿಟ್ಟಿದ್ದಾನೆ. 'ರನ್ ಡೌನ್' ಒಂದನ್ನೇ ನೋಡಿ. ಕಾರು ಒಬ್ಬರಿಗೆ ಗುದ್ದಿ ಬೀಳಿಸಿದರೆ ರನ್ ಡೌನ್. ಬ್ಯಾಟರಿ ಇಳಿದರೆ ರನ್ ಡೌನ್. ಸೊಸೆಯನ್ನು ನೆಂಟರ ಮುಂದೆ ಹೀಗಳೆದರೆ ರನ್ ಡೌನ್. ಕೆಲಸ ಮಾಡಿ ಮಾಡಿ ಸೋತು ಸುಣ್ಣವಾದರೆ ಅದೂ ರನ್ ಡೌನ್. ಸುಣ್ಣ ಬಣ್ಣ ಕಾಣದೆ ಪಾಳು ಬಿದ್ದ ಲಾಡ್ಜೂ ರನ್ ಡೌನ್. ಎಲ್ಲದರಲ್ಲೂ ಏನೋ ಒಂದು ಕೆಳಗೆ ಇಳಿಯುತ್ತಿದೆ ನೋಡಿ. ಮೈ, ಚಾರ್ಜು, ಮರ್ಯಾದೆ, ಶಕ್ತಿ, ಕಟ್ಟಡ. ಅರ್ಥದ ಬಹುಪಾಲು 'ಡೌನ್' ಕೊಟ್ಟದ್ದು. ರನ್ ಸುಮ್ನೆ ಜೊತೆಗೆ ಹೋಗಿದೆ.

'ರನ್ ಅಪ್' ಕೂಡ ಹಾಗೇ. ಸಾಲ ಏರಿಸಿದರೆ ರನ್ ಅಪ್, ಬಾವುಟ ಏರಿಸಿದರೂ ರನ್ ಅಪ್. ಅವಸರಕ್ಕೆ ಒಂದು ಬ್ಲೌಸ್ ಹೊಲಿದು ಕೊಟ್ಟರೂ ರನ್ ಅಪ್. ನಮ್ಮ ಟೈಲರ್‌ಗಳ ಬಾಯಲ್ಲಿ ಇರುವ 'ರನ್ನಿಂಗ್ ಸ್ಟಿಚ್' ನೆನಪು ಮಾಡಿಕೊಳ್ಳಿ. ಸೂಜಿ ಎಲ್ಲೂ ಗಂಟು ಹಾಕದೆ ಮುಂದೆ ಮುಂದೆ ಹೋಗುತ್ತದೆ. 'ರನ್ ಔಟ್' ಕ್ರಿಕೆಟ್ಟಿನಲ್ಲಿ ಆಟಗಾರನ ಕಥೆ ಮುಗಿಸುತ್ತದೆ, ಅಡುಗೆಮನೆಯಲ್ಲಿ ಸಕ್ಕರೆಯ ಕಥೆ ಮುಗಿಸುತ್ತದೆ.

ನಾವು ಇದೇ ಕೆಲಸವನ್ನು ಪದದ ಹಿಂದೆ ಇನ್ನೊಂದು ಕ್ರಿಯಾಪದ ಅಂಟಿಸಿ ಮಾಡುತ್ತೇವೆ. ಓಡಿಹೋಗು ಅಂದರೆ ಬರೀ ಓಡುವುದಲ್ಲ, ಮನೆ ಬಿಟ್ಟು ಹೋಗುವುದು. 'ಅವಳು ಓಡಿಹೋದಳು' ಅಂದರೆ ಊರಿಗೆ ಊರೇ ಕಿವಿ ನಿಮಿರಿಸುತ್ತದೆ. 'ಓಡಾಡು' ಪದದಲ್ಲಂತೂ ಓಟವೇ ಉಳಿದಿಲ್ಲ. ಹುಷಾರಿಲ್ಲದವರು ಈಗ ಮನೆಯಲ್ಲಿ ಓಡಾಡುತ್ತಿದ್ದಾರೆ ಅಂದರೆ ಮೆಲ್ಲಗೆ ನಡೆಯುತ್ತಿದ್ದಾರೆ ಅಂತ. ಜಮೀನಿನ ಕಾಗದಕ್ಕೆ ತಾಲೂಕು ಕಚೇರಿಗೆ ಓಡಾಡಿದೆ ಅಂದರೆ ಹತ್ತು ಸಲ ಹೋಗಿ ಬಂದೆ ಅಂತ. ಎರಡೂರಿನ ನಡುವೆ ಬಸ್ ಓಡಾಡುತ್ತದೆ, ಊರಲ್ಲಿ ಗಾಳಿಸುದ್ದಿಯೂ ಓಡಾಡುತ್ತದೆ. ಇದನ್ನೆಲ್ಲ ಹೊರಗಿನವರಿಗೆ ಹೇಳಿಕೊಡಿ ನೋಡೋಣ. ಆಗ ರನ್ ಮೇಲಿನ ನಮ್ಮ ಕೋಪ ಸ್ವಲ್ಪ ಇಳಿಯುತ್ತದೆ.

ಇನ್ನು ಸಮಾನಾರ್ಥಕ ಪದಗಳು. ಪರೀಕ್ಷೆಗೆ ಓದುವವರು ಪಟ್ಟಿ ಮಾಡಿ ಗಟ್ಟು ಹೊಡೆಯುತ್ತಾರೆ. ರನ್ ಅಂದರೆ ಮ್ಯಾನೇಜ್, ಆಪರೇಟ್, ಕಂಡಕ್ಟ್, ಅಡ್ಮಿನಿಸ್ಟರ್. ಈ ಪಟ್ಟಿಗಳ ಮೂಲಪುರುಷ ಪೀಟರ್ ಮಾರ್ಕ್ ರೋಜೆ. ವೃತ್ತಿಯಲ್ಲಿ ವೈದ್ಯ. 1852ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತನ್ನ ಥಿಸಾರಸ್, ಅಂದರೆ ಸಮಾನಾರ್ಥಕ ಪದಗಳ ಕೋಶ, ಪ್ರಕಟಿಸಿದ. ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ಸಾವಿರ ತಲೆಬರಹದಡಿ ಅರ್ಥ ನೋಡಿ ಜೋಡಿಸಿದ. ನಮಗೆ ಇದರಲ್ಲಿ ಒಂದು ಕುತೂಹಲದ ವಿಷಯ ಇದೆ. ತನಗಿಂತ ಮೊದಲು ಇಂಥ ಕೆಲಸ ಮಾಡಿದವರು ಯಾರು ಅಂತ ಅವನು ಹೇಳುವಾಗ ಅಮರಸಿಂಹ ಸಂಸ್ಕೃತದಲ್ಲಿ ಬರೆದ ನಮ್ಮ ಅಮರಕೋಶದ ಹೆಸರು ಬರುತ್ತದೆ. ಕೋಲ್‌ಬ್ರೂಕ್ ಅನ್ನುವ ಇಂಗ್ಲಿಷ್ ವಿದ್ವಾಂಸ ಮಾಡಿದ ಅದರ ಇಂಗ್ಲಿಷ್ ರೂಪ 1808ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಗಿತ್ತು. ರೋಜೆಗೆ ಅದು ಹಿಡಿಸಲಿಲ್ಲ. ಸ್ವರ್ಗ, ದೇವರು, ಅಸುರರು, ಬೆಂಕಿ, ಗಾಳಿ, ವೇಗ, ನಿತ್ಯ, ಬಹಳ, ಇದೆಲ್ಲ ಒಂದೇ ವರ್ಗದಲ್ಲಾ ಅಂತ ಮೂಗು ಮುರಿದ. ಅಮರಸಿಂಹನ ಪರವಾಗಿ ನಾನು ಒಂದು ಮಾತು ಹೇಳಬೇಕು. ಗಾಳಿ ಬಂದ ಮೇಲೆ ಗಾಳಿಯ ವೇಗ ಬರುವುದರಲ್ಲಿ ತಪ್ಪೇನು? ಬಾಯಿಪಾಠ ಮಾಡುವವನಿಗೆ ಒಂದರಿಂದ ಒಂದು ನೆನಪಾಗಬೇಕು, ಅದಕ್ಕೆ ಕಟ್ಟಿದ ಪುಸ್ತಕ ಅದು. ಅಷ್ಟೇ ಅಲ್ಲ, ಒಂದೇ ಪದಕ್ಕೆ ಹಲವು ಅರ್ಥ ಇರುವುದಕ್ಕೂ ಅಮರಕೋಶದಲ್ಲಿ ನಾನಾರ್ಥವರ್ಗ ಅಂತ ಬೇರೆಯೇ ಭಾಗ ಇದೆ. ಆದರೆ ಅದು ನಾಮಪದಗಳ ಕೋಶ. ನಮ್ಮ ರನ್‌ನಂಥ ಕ್ರಿಯಾಪದಗಳ ತಂಟೆಗೆ ಅದು ಹೋಗುವುದಿಲ್ಲ.

ಪಟ್ಟಿಯಲ್ಲಿ ಒಟ್ಟಿಗೆ ಇದ್ದ ಮಾತ್ರಕ್ಕೆ ಪದಗಳು ಒಂದೇ ಆಗುವುದಿಲ್ಲ. ಒಂದು ವಾಕ್ಯ ಹೇಳುತ್ತೇನೆ. 'ಹಿ ಮ್ಯಾನೇಜಸ್ ದ ಶಾಪ್, ಬಟ್ ಹಿಸ್ ಮದರ್-ಇನ್-ಲಾ ರನ್ಸ್ ಇಟ್.' ಗಲ್ಲಾದಲ್ಲಿ ಕೂತು ಅಂಗಡಿ ನೋಡಿಕೊಳ್ಳುವವನು ಅಳಿಯ, ಆದರೆ ಅಂಗಡಿ ನಡೆಯುವುದು ಅತ್ತೆಯ ಮಾತಿನ ಮೇಲೆ. ಎರಡು ಪದವನ್ನು ಅದಲು ಬದಲು ಮಾಡಿದರೆ ಮನೆಯ ಕಥೆಯೇ ಬದಲಾಗುತ್ತದೆ. 'ಮ್ಯಾನೇಜ್' ಹಿಂದೆ ಇಟಲಿ ಕಡೆಯಿಂದ ಬಂದ ಪದ, ಕುದುರೆಯನ್ನು ಪಳಗಿಸಿ ಹಿಡಿತದಲ್ಲಿ ಇಟ್ಟುಕೊಳ್ಳುವುದಕ್ಕೆ ಬಳಸುತ್ತಿದ್ದರು. ಲ್ಯಾಟಿನ್ನಿನಲ್ಲಿ ಕೈ ಅನ್ನುವ ಪದ ಅದರ ಬೇರು. ಇವತ್ತಿಗೂ ಅದರಲ್ಲಿ ಸಂಭಾಳಿಸುವ ವಾಸನೆ ಇದೆ. 'ಹೇಗೋ ಮ್ಯಾನೇಜ್ ಮಾಡ್ತೀನಿ' ಅಂತ ನಾವು ಹೇಳುವುದೂ ಅದೇ ಅರ್ಥದಲ್ಲಿ. ಹೇಗೋ 'ರನ್ ಮಾಡ್ತೀನಿ' ಅಂತ ಯಾರೂ ಅನ್ನುವುದಿಲ್ಲ. 'ಆಪರೇಟ್' ಯಂತ್ರಕ್ಕೆ, ಖಾತೆಗೆ, ವೈದ್ಯರ ಕತ್ತರಿಗೆ ಹೊಂದುತ್ತದೆ. 'ಅಡ್ಮಿನಿಸ್ಟರ್' ಕಚೇರಿಗೂ ಔಷಧಿಗೂ ಆಗುತ್ತದೆ, ಚಹಾ ಅಂಗಡಿಗೆ ಆಗುವುದಿಲ್ಲ. 'ಕಂಡಕ್ಟ್' ಇರುವುದು ಸಭೆಗೆ, ಪರೀಕ್ಷೆಗೆ, ಸಮೀಕ್ಷೆಗೆ.

ನಮ್ಮ ಇಂಗ್ಲಿಷಿನಲ್ಲಿ ಒಂದು ಚಾಳಿ ಇದೆ. ಪುಟ್ಟ ಪದ ಬರೆದರೆ ಏನೋ ಕಡಿಮೆ ಆಯಿತು ಅನ್ನುವ ಭಯ. ಹಾಗಾಗಿ ಪತ್ರಿಕೆಗಳಲ್ಲಿ ಬಸ್ಸುಗಳು ರನ್ ಆಗುವುದಿಲ್ಲ, 'ಪ್ಲೈ' ಆಗುತ್ತವೆ. ಇಂಗ್ಲೆಂಡಿನ ಬಸ್ ಸ್ಟಾಪಿನಲ್ಲಿ ಯಾರಾದರೂ 'ಡಸ್ ದ ಬಸ್ ಪ್ಲೈ ಆನ್ ಸಂಡೇಸ್' ಅಂತ ಕೇಳಿದರೆ ಎದುರಿನವರು ಒಂದು ಕ್ಷಣ ಯೋಚಿಸುತ್ತಾರೆ. ಅಲ್ಲಿ ರನ್ ಅಂದರೆ ಸಾಕು. ಪ್ಲೈ ತಪ್ಪು ಅಂತ ನಾನು ಹೇಳುವುದಿಲ್ಲ. ಅದು ಹಳೆಯ ಒಳ್ಳೆಯ ಪದವೇ, ನಮ್ಮಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ಆದರೆ 'ವಿ ಹ್ಯಾವ್ ಎಕ್ಸಾಸ್ಟೆಡ್ ದ ಮಿಲ್ಕ್' ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ.

ಕಾಲಿನ ಓಟಕ್ಕೆ ಇರುವ ಪದಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವು ಸುಲಭ. ಸ್ಪ್ರಿಂಟ್ ಅಂದರೆ ಸ್ವಲ್ಪ ದೂರ ಜೋರಾಗಿ. ಜಾಗ್ ಅಂದರೆ ಬೆಳಗ್ಗೆ ಪಾರ್ಕಿನಲ್ಲಿ ನೀವು ಮಾಡುವುದು. ಫ್ಲೀ ಅಂದರೆ ಜೀವ ಉಳಿಸಿಕೊಳ್ಳಲು, ನಮ್ಮ 'ಕಾಲಿಗೆ ಬುದ್ಧಿ ಹೇಳು' ಅಲ್ಲಿಗೆ ಸರಿಯಾಗುತ್ತದೆ. ಬೋಲ್ಟ್ ಅಂದರೆ ಬಾಣ ಬಿಟ್ಟ ಹಾಗೆ ಒಮ್ಮೆಲೇ ಚಿಮ್ಮಿ ಓಡುವುದು. 2009ರಲ್ಲಿ ಬರ್ಲಿನ್ನಿನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದವನ ಮನೆತನದ ಹೆಸರೂ ಅದೇ ಅನ್ನುವುದು ಕಾಕತಾಳೀಯ.

ಇಲ್ಲಿಗೆ ನನ್ನ ಮಾತು ಮುಗಿಸಿ ಪ್ರಶ್ನೆಗೆ ಬಿಟ್ಟೆ.

ಒಬ್ಬ ಮೇಡಂ ಕೇಳಿದರು: 'ಸರ್, ಮಕ್ಕಳಿಗೆ ಇದನ್ನೆಲ್ಲ ಹೇಗೆ ಹೇಳಿಕೊಡೋದು? 645 ಬರೆಸಕ್ಕಾಗುತ್ತಾ?' ಖಂಡಿತ ಬರೆಸಬೇಡಿ ಅಂದೆ. ರನ್ ಈಸ್ ಈಕ್ವಲ್ ಟು ಓಡು ಅಂತ ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆಸುವುದನ್ನು ಮೊದಲು ನಿಲ್ಲಿಸಿ. ಜೋಡಿಯಾಗಿ ಬರೆಸಿ. ರನ್ ಎ ಶಾಪ್, ರನ್ ಎ ರಿಸ್ಕ್, ರನ್ ಎ ಬಾತ್. ಪಕ್ಕದಲ್ಲಿ ಕನ್ನಡ: ಅಂಗಡಿ ನಡೆಸು, ಅಪಾಯ ಮೈಮೇಲೆ ಎಳೆದುಕೊಳ್ಳು, ಸ್ನಾನಕ್ಕೆ ತೊಟ್ಟಿಯಲ್ಲಿ ನೀರು ಬಿಡು. ಕನ್ನಡ ಕ್ರಿಯಾಪದ ಪ್ರತಿ ಸಲ ಬದಲಾಗುವುದನ್ನು ಕಂಡಾಗ ಮಕ್ಕಳಿಗೆ ತಾವಾಗಿಯೇ ತಿಳಿಯುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ: 'ಕನ್ನಡದಲ್ಲಿ ಇಂಥಾ ಪದ ಯಾವುದು ಸರ್?' ನಾನು ಉತ್ತರ ಹೇಳುವ ಮೊದಲೇ ಸಭೆಯಲ್ಲೇ ಶುರುವಾಯಿತು. ಒಬ್ಬರು 'ಹಾಕು' ಅಂದರು: ಬೀಗ ಹಾಕು, ಲೈಟ್ ಹಾಕು, ಸಹಿ ಹಾಕು, ಓಟು ಹಾಕು, ಕೋಳಿ ಮೊಟ್ಟೆ ಹಾಕು. ಇನ್ನೊಬ್ಬರು 'ಹೊಡೆ' ಮುಂದೆ ಅಂದರು: ಗೊರಕೆ ಹೊಡೆ, ಹರಟೆ ಹೊಡೆ, ಕಾಪಿ ಹೊಡೆ, ಬಣ್ಣ ಹೊಡೆ, ಲಾಟರಿ ಹೊಡೆ. ಕೊನೆಗೆ ತೀರ್ಪು ಸಿಗಲಿಲ್ಲ. ನನ್ನ ಓಟು ಹೊಡೆ ಕಡೆಗೆ.

ಮತ್ತೊಬ್ಬರ ಪ್ರಶ್ನೆ 'ರನ್ನಿಂಗ್' ಬಗ್ಗೆ. ಅದು ಈಗ ಕನ್ನಡವೇ ಆಗಿಲ್ವಾ ಅಂತ. ಆಗಿದೆ. ರನ್ನಿಂಗ್ ನೋಟ್ಸ್ ಬರೀತೀವಿ, ರನ್ನಿಂಗ್ ಕಂಡೀಷನ್ ಇರುವ ಬೈಕ್ ಮಾರ್ತೀವಿ, ಬಡಗಿ ರನ್ನಿಂಗ್ ಫೀಟ್ ಲೆಕ್ಕದಲ್ಲಿ ದುಡ್ಡು ಕೇಳ್ತಾನೆ. ಬಸ್ಸಿನಿಂದ ರನ್ನಿಂಗ್‌ನಲ್ಲಿ ಇಳೀಬೇಡಿ ಅಂತ ಕಂಡಕ್ಟರ್ ಬೈಯುವಾಗ ಓಡುತ್ತಿರುವುದು ಬಸ್ಸು, ನೀವಲ್ಲ. ಈ ವ್ಯತ್ಯಾಸ ಯಾರಿಗೂ ಯಾವತ್ತೂ ಗೊಂದಲ ಮಾಡಿಲ್ಲ.

ಕೊನೆಗೆ ಒಬ್ಬ ಹಿರಿಯರು: 'ಚುನಾವಣೆಗೆ ಸ್ಟ್ಯಾಂಡ್ ಅನ್ನಬೇಕೋ ರನ್ ಅನ್ನಬೇಕೋ?' ಬ್ರಿಟನ್ನಿನಲ್ಲಿ ಅಭ್ಯರ್ಥಿ ಸ್ಟ್ಯಾಂಡ್ ಆಗುತ್ತಾನೆ, ಅಮೆರಿಕದಲ್ಲಿ ರನ್ ಆಗುತ್ತಾನೆ. ಅಮೆರಿಕದವರಿಗೆ ಅದು ಕುದುರೆ ರೇಸು. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು 'ರನ್ನಿಂಗ್ ಮೇಟ್' ಅನ್ನುತ್ತಾರಲ್ಲ, ಆ ಹೆಸರು ಮೊದಲು ಇದ್ದದ್ದು ಗೆಲ್ಲಬೇಕಾದ ಕುದುರೆಯ ಜೊತೆಗೆ ವೇಗ ಕೊಡಲು ಓಡಿಸುತ್ತಿದ್ದ ಇನ್ನೊಂದು ಕುದುರೆಗೆ. ನಮ್ಮ ಇಂಗ್ಲಿಷ್ ಪತ್ರಿಕೆಗಳು ಹೆಚ್ಚಾಗಿ ಎರಡನ್ನೂ ಬಿಟ್ಟು 'ಕಾಂಟೆಸ್ಟ್' ಅಂತ ಬರೆಯುತ್ತವೆ. ಮೂರೂ ಸರಿಯೇ. ಯಾವ ದೇಶದ ಚುನಾವಣೆ, ಯಾರು ಓದುವವರು ಅಂತ ನೋಡಿ ಹಾಕಿ ಅಂದೆ. ಅವರು ತಕ್ಷಣ, 'ನಮ್ಮ ವಾರ್ಡಿನವರು ನಿಂತು, ಗೆದ್ದು, ಆಮೇಲೆ ಕೈಗೇ ಸಿಗದ ಹಾಗೆ ಓಡ್ತಾರೆ, ಅದಕ್ಕೇನು ಹೇಳೋದು?' ಅಂದರು. ಅದಕ್ಕೆ ಇಂಗ್ಲಿಷಿನಲ್ಲಿ 'ರನ್ ಅವೇ' ಇದೆ.